ಬೇಳೆ ಬೇಯುವ ನೀರು

...ಅಥವಾ ಆ ಕಂದು ಗೆರೆ ಅವರ ಹಲ್ಲಿನ ಮೇಲೆ ಇರಲೇ ಇಲ್ಲವೇನೋ. ಮೇಲಿನ ಸಾಲಿನ ಎರಡು ಮುಂದಿನ ಹಲ್ಲು, ಅವುಗಳ ಮೇಲೆ ಅಡ್ಡಲಾಗಿ ಹಾದ ಒಂದು ಗೆರೆ, ಗೋಡೆಗೆ ನಿಂತ ನೀರು ಇಳಿದ ಮೇಲೆ ಉಳಿಯುವ ಕಲೆಯಂಥದು. ಕಣ್ಣು ಮುಚ್ಚಿದರೆ ಅಕ್ಕೋರ ಮುಖಕ್ಕಿಂತ ಮೊದಲು ನನಗೆ ಕಾಣುವುದು ಅದು. ಆದರೆ ನನ್ನ ಫೋನಿನಲ್ಲಿರುವ ಅವರ ಯಾವ ಫೋಟೋದಲ್ಲೂ ಅದಿಲ್ಲ. ಕೆಲವುಗಳಲ್ಲಿ ಅವರು ಬಾಯಿ ಮುಚ್ಚಿದ್ದಾರೆ, ಉಳಿದವುಗಳಲ್ಲಿ ನಗುವಾಗ ಸೆರಗು ಅಡ್ಡ ಹಿಡಿದಿದ್ದಾರೆ. ನಮ್ಮ ಜೀಪು ಓಡಿಸುತ್ತಿದ್ದ ವಾಡಿಯ ಖಾಜಾ ಭಾಯ್ ಅವರನ್ನು ಮೊನ್ನೆ ಕೇಳಿದೆ. "ಏ, ಅಕ್ಕೋರ ಹಲ್ಲು ಮುತ್ತಿನಂಗ ಇದ್ದುವಲ್ಲ" ಎಂದರು. ಅವರ ದನಿಯಲ್ಲಿ ಅನುಮಾನವೇ ಇರಲಿಲ್ಲ.

ಹಾಗಾದರೆ ಆ ದಿನ ಬುದ್ಧ ವಿಹಾರದ ಕಟ್ಟೆಯ ಹತ್ತಿರ, ಅಷ್ಟು ಜನರ ಎದುರು, ಅವರು ತುಟಿ ಎತ್ತಿ ತೋರಿಸಿದ್ದು ಏನನ್ನು? ತೋರಿಸಿದ್ದಾದರೂ ಹೌದೇ?

ಅವರು ಚಿತ್ತಾಪುರದ ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದವರು. ಅಲ್ಲಿ ಮೇಡಂ. ನಿವೃತ್ತರಾದ ಮೇಲೆ ನೀರಿನ ಅಧ್ಯಯನವೊಂದಕ್ಕೆ ಸೇರಿಕೊಂಡು, ಶಹಾಬಾದದ ತಮ್ಮ ಮನೆಯಿಂದ ಹೊರಟು ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳನ್ನು ಸುತ್ತತೊಡಗಿದಾಗ ಹೆಣ್ಣುಮಕ್ಕಳು ಅವರನ್ನು ಅಕ್ಕೋರು ಎಂದು ಕರೆದರು, ನಮ್ಮ ಕಡೆ ಶಾಲೆಯಲ್ಲಿ ಕಲಿಸುವವರನ್ನು ಕರೆಯುವ ಹಾಗೆ. ಮೇಡಂ ಉದುರಿಹೋಗಿ ನನಗೂ ಅಕ್ಕೋರೇ ಉಳಿದಿದ್ದಾರೆ. ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಕರೆಸಿ ಒಂದು ಕೆಲಸ ಕೊಟ್ಟರು. ಜನ ನೀರಿನ ಬಗ್ಗೆ ಆಡುವ ಮಾತನ್ನು ಬರೆದುಕೊಳ್ಳುವುದು. ಮೊದಲ ದಿನವೇ ಹೇಳಿದ್ದರು: "ಮಂದಿ ಹೇಳಿದ್ದು ಬರಕೊ ತಂಗಿ. ನಿನಗ ತಿಳಿದಿದ್ದು ಬರೀಬ್ಯಾಡ." ಈಗ ಮಾಡುತ್ತಿರುವುದು ಅವರು ಬೇಡವೆಂದದ್ದನ್ನೇ.

ಅವರ ಕೈಯಲ್ಲಿ ಯಾವಾಗಲೂ ಒಂದು ಕೊಡೆ ಇರುತ್ತಿತ್ತು. ಮಳೆಗಾಗಲಿ ಬಿಸಿಲಿಗಾಗಲಿ ಅದನ್ನು ಬಿಚ್ಚಿದ್ದು ನಾನು ಕಂಡಿಲ್ಲ. ಬಾವಿಯ ಆಳ ತೋರಿಸಲು, ನಾಯಿ ಓಡಿಸಲು, ನನ್ನ ಬೆನ್ನಿಗೆ ತಿವಿದು ಎಬ್ಬಿಸಲು ಅದೇ. ಚೀಲದಲ್ಲಿ ಹುರಿದ ಶೇಂಗಾ ತುಂಬಿದ ಸ್ಟೀಲಿನ ಡಬ್ಬಿ. ಜೀಪಿನಲ್ಲಿ ನೀರಿನ ಸೀಸೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗುತ್ತಿದ್ದರು. ಪೆಟ್ಟಿಗೆ ಮಾತ್ರ ಅಲುಗುತ್ತಿರಲಿಲ್ಲ.

ಯಾವ ಮನೆಯ ಮುಂದೆ ನಿಂತರೂ ಮೊದಲು ಕೇಳುತ್ತಿದ್ದುದು ಕುಡಿಯಲು ನೀರು. ನಮ್ಮ ಕಡೆ ಹೊಸಬರು ಬಂದರೆ ಯಾವ ಊರು, ಯಾರ ಪೈಕಿ ಎಂದು ಕೇಳದೆ ಬಿಡುವುದಿಲ್ಲ. ಅದಕ್ಕೆ ಅವರ ಉತ್ತರ ಒಂದೇ: "ಮೊದ್ಲ ನೀರ ಕೊಡ್ರಿ, ಆಮ್ಯಾಲ ಊರ ಕೇಳ್ರಿ." ಚರಿಗೆ ಖಾಲಿಯಾಗುವಷ್ಟರಲ್ಲಿ ಅವರೇ ಏನಾದರೂ ಕೇಳಿ ಮಾತು ಹೊರಳಿಸಿರುತ್ತಿದ್ದರು. ಊರಿನ ಪ್ರಶ್ನೆ ಹಿಂದೆ ಬೀಳುತ್ತಿತ್ತು. ಪರೀಕ್ಷೆ ಮಾಡದ ನೀರು ಕುಡಿಯಬಾರದು ಎಂದು ನಮಗೆ ಕಟ್ಟುನಿಟ್ಟಾಗಿ ಹೇಳಿದ್ದರಲ್ಲ ಎಂದು ನಾನೊಮ್ಮೆ ನೆನಪಿಸಿದೆ.

"ಅವರು ದಿನಾ ಕುಡೀತಾರ, ನಾ ಒಂದಿನ ಕುಡದ್ರ ಸಾಯ್ತೀನೇನು? ಕುಡೀಲಾರ್ದ ನೀರಿನ ಮಾತ ಆಡಿದ್ರ ಮಂದಿ ಯಾಕ ನಂಬಬೇಕು?"

ಇನ್ನೊಂದು ರೂಢಿಯಿತ್ತು. ನಮ್ಮಲ್ಲಿ ನೆರೆಮನೆಯಿಂದ ಪಲ್ಯವೋ ಸಾರೋ ಬಂದ ಬೋಗುಣಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಅಕ್ಕೋರು ಇದನ್ನೇ ನೀರಿನ ಕೆಲಸಕ್ಕೂ ತಂದಿದ್ದರು. ಯಾವ ಮನೆಯಿಂದ ಸೀಸೆಯಲ್ಲಿ ನೀರು ಒಯ್ದೆವೋ ಆ ಮನೆಗೆ ಅದರ ಫಲಿತಾಂಶ ತಲುಪಬೇಕು, ಅದೂ ಬಾಯಿಮಾತಿನಲ್ಲಿ, ಅವರದೇ ಅಂಗಳದಲ್ಲಿ ಕುಳಿತು. "ಎಷ್ಟ ಮಂದಿ ಬಂದು ನೀರ ಒಯ್ದಾರ ಇಲ್ಲಿಂದ. ಯಾರ ಹೊಳ್ಳಿ ಬಂದಾರ? ಬರಿ ಬೋಗಾಣಿ ಕೊಡಬಾರ್ದು ತಂಗಿ." ಇದಕ್ಕಾಗಿ ಎಷ್ಟೋ ಸಲ ಚಿಂಚೋಳಿಯ ಗುಡ್ಡದ ಕಡೆಯ ಊರುಗಳಿಗೆ ಒಂದೇ ಒಂದು ಮಾತು ಹೇಳಿ ಬರಲು ಇಡೀ ದಿನ ಹೋಗುತ್ತಿತ್ತು. ಖಾಜಾ ಭಾಯ್ ಗೊಣಗುತ್ತಿದ್ದರು: "ಫೋನ್ ಮಾಡಿದ್ರ ಆಗ್ತಿತ್ತು, ಡೀಸೆಲ್ ಉಳೀತಿತ್ತು."

"ಫೋನಿನ್ಯಾಗ ಮುಖ ಕಾಣಸಂಗಿಲ್ಲ ಖಾಜಾ."

"ಈಗಿನ ಫೋನಿನ್ಯಾಗ ಕಾಣಸ್ತದ ಅಕ್ಕೋರ."

"ಗಾಡಿ ಹೊಡೀ ಸುಮ್ಮ."

ಬೇಳೆಯ ವಿಷಯಕ್ಕೆ ಬರುತ್ತೇನೆ. ನಮ್ಮದು ಸುಣ್ಣಗಲ್ಲಿನ ನೆಲ. ಮನೆಗೆ ಹಾಸಿದ ಫರಸಿ, ಹೊಲದ ಬದುವಿನ ಕಲ್ಲು, ಸಿಮೆಂಟು ಕಾರ್ಖಾನೆಯಿಂದ ಬಂದು ಎಲೆಗಳ ಮೇಲೆ ಕೂರುವ ಧೂಳು ಎಲ್ಲ ಅದೇ. ಬಾವಿಯ ನೀರಿನಲ್ಲೂ ಅದೇ ಕರಗಿರುತ್ತದೆ. ಸೋಪು ಹಚ್ಚಿದರೆ ನೊರೆ ಬರುವುದಿಲ್ಲ, ಬೇಳೆ ಹಾಕಿದರೆ ಬೇಯುವುದಿಲ್ಲ. ತೊಗರಿ ಬೆಳೆಯುವವರು ನಾವು, ಅದನ್ನು ಬೇಯಿಸಲು ನೀರು ಹುಡುಕಿಕೊಂಡು ಅಲೆಯುವವರೂ ನಾವೇ. ಹೀಗಾಗಿ ನಮ್ಮ ಹೆಂಗಸರಿಗೆ ನೀರಿನ ಜಾತಕ ಹೇಳುವುದು ಬೇಳೆ. ಬೇಳೆ ಬೇಯಿಸುವ ನೀರು ಒಳ್ಳೆಯದು, ಬೇಯಿಸದ್ದು ಕೆಟ್ಟದ್ದು.

ಅಕ್ಕೋರು ತಮ್ಮ ಸಭೆಗಳನ್ನು ಇದರ ಮೇಲೆಯೇ ಕಟ್ಟಿದ್ದರು. ಪರದೆ, ಚಿತ್ರ, ಭಾಷಣ ಏನೂ ಇಲ್ಲ. ಊರ ನಡುವೆ ಎರಡು ಒಲೆ ಹೂಡಿಸಿ, ಎರಡು ಬೋಗುಣಿಗಳಲ್ಲಿ ಒಂದೇ ಅಳತೆಯ ಬೇಳೆ ಹಾಕಿಸಿ, ಎರಡು ಬೇರೆ ಬೇರೆ ಕಡೆಯ ನೀರು ಹೊಯ್ಯಿಸುತ್ತಿದ್ದರು. ಯಾವುದು ಮೊದಲು ಬೇಯುತ್ತದೆ ನೋಡೋಣ ಎಂದು ಎಲ್ಲರೂ ಸುತ್ತ ಕುಳಿತಾಗ ಮಾತು ತಾನಾಗಿ ಬರುತ್ತಿತ್ತು. ಯಾವ ಬೇಸಿಗೆಯಲ್ಲಿ ಯಾವ ಬಾವಿ ಬತ್ತಿತು, ಯಾರ ಮನೆಯಲ್ಲಿ ಯಾರಿಗೆ ಹೊಟ್ಟೆನೋವು, ಯಾರ ಬೋರು ಯಾರು ಮುಚ್ಚಿಸಿದರು. "ಒಲಿ ಮುಂದ ಕುಂತ ಹೆಣ್ಮಕ್ಳು ಸುಳ್ಳ ಹೇಳಂಗಿಲ್ಲ" ಎನ್ನುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಸೇಡಂನಿಂದ ಚಿಂಚೋಳಿಗೆ ಹೋಗುವ ಹಾದಿ ಬಿಟ್ಟು ಸ್ವಲ್ಪ ಒಳಗೆ ಒಂದು ಊರು. ಹೆಸರು ಬರೆಯುವುದಿಲ್ಲ, ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ. ಮೇಲಿನ ಓಣಿಯಲ್ಲಿ ಹಿರಿಯರ ಕಾಲದ ಕಲ್ಲುಕಟ್ಟಡದ ಬಾವಿ. ಕೆಳಗಿನ ಓಣಿಯಲ್ಲಿ ಬುದ್ಧ ವಿಹಾರ, ಅದರ ಮುಂದೆ ಕಟ್ಟೆ, ಕಟ್ಟೆಯ ಪಕ್ಕ ಒಂದು ಬೋರಿಂಗು. ಕೈಯಿಂದ ಹೊಡೆಯುವ ಪಂಪಿಗೆ ನಮ್ಮ ಕಡೆ ಹಾಗೇ ಅನ್ನುವುದು. ಬೋರಿಂಗು ಬರುವ ಮುಂಚೆ ಕೆಳಗಿನ ಓಣಿಯವರು ಮೇಲಿನ ಬಾವಿಯ ಹತ್ತಿರ ಹೋಗಿ ಖಾಲಿ ಕೊಡ ಇಟ್ಟು ದೂರ ನಿಲ್ಲಬೇಕಿತ್ತು. ಯಾರಿಗಾದರೂ ಮನಸ್ಸು ಬಂದು ಸೇದಿ ಸುರಿಯುವವರೆಗೆ. ಇದನ್ನು ಹೇಳಿದವಳು ಆ ಓಣಿಯ ಶಾಂತಾಬಾಯಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳೂ ಹಾಗೆ ನಿಂತವಳು.

ಬೋರಿಂಗು ಬಂದು ಆ ನಿಲ್ಲುವುದು ತಪ್ಪಿತು. ಅದಲ್ಲದೆ ಯಾರೂ ನಿರೀಕ್ಷಿಸದ ಇನ್ನೊಂದು ನಡೆಯಿತು. ಬಹಳ ಆಳದಿಂದ ಬರುವ ಆ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯತೊಡಗಿತು. ಮೊದಮೊದಲು ಮೇಲಿನ ಓಣಿಯ ಹೆಂಗಸರು ಯಾರನ್ನಾದರೂ ಕಳಿಸಿ ಒಂದು ಬಿಂದಿಗೆ ತರಿಸಿಕೊಳ್ಳುತ್ತಿದ್ದರಂತೆ. ಆಮೇಲೆ ತಾವೇ ಬರತೊಡಗಿದರು. ನಾವು ಮೊದಲು ಹೋದಾಗ ಅವರು ಬೋರಿಂಗು ಹೊಡೆಯುತ್ತಿದ್ದರು, ಆದರೆ ಕಟ್ಟೆಯ ಮೇಲೆ ಕೂರುತ್ತಿರಲಿಲ್ಲ.

ಅಲ್ಲಿ ನಡೆದ ಬೇಳೆಯ ಪಂದ್ಯ ನನಗೆ ಚೆನ್ನಾಗಿ ನೆನಪಿದೆ. ಇಷ್ಟು ಚೆನ್ನಾಗಿ ನೆನಪಿರುವುದರಿಂದಲೇ ಅದರ ಮೇಲೆ ಗುಮಾನಿ. ಮೇಲಿನ ಓಣಿಯ ಪರವಾಗಿ ಒಲೆಯ ಮುಂದೆ ಕುಳಿತವಳು ಸಂಗಮ್ಮ, ಹಣೆತುಂಬ ವಿಭೂತಿ, ಎಲ್ಲರಿಗಿಂತ ದೊಡ್ಡ ದನಿ.

"ನಮ್ಮ ಭಾವಿ ಹಿರೇರ ಕಾಲದ್ದು. ನಿನ್ನೆ ಮೊನ್ನೆ ಹುಟ್ಟಿದ ಬೋರಿಂಗಿಗಿ ಸೋಲಂಗಿಲ್ಲ ಅದು" ಎಂದಳು.

ಸೋತಿತು. ಕೆಳಗಿನ ಓಣಿಯ ಬೋಗುಣಿಯಲ್ಲಿ ಬೇಳೆ ಕರಗಿ ಹಳದಿ ಗಂಜಿಯಾದಾಗ ಮೇಲಿನದರಲ್ಲಿ ಕಾಳು ಕಾಳಾಗಿ ಕುಣಿಯುತ್ತಿತ್ತು. ಶಾಂತಾಬಾಯಿ ಸೌಟಿನಲ್ಲಿ ಒಂದಿಷ್ಟು ಎತ್ತಿ ಹಿಡಿದಳು.

"ನೋಡ್ರಿ ಸಂಗಮ್ಮಕ್ಕ, ನಿಮ್ಮ ಬ್ಯಾಳಿ ಇನ್ನಾ ಎಣಿಸಲಿಕ್ಕ ಬರ್ತಾವ!"

"ಎಣಿಸ್ಕೋತ ಕುಂದ್ರು. ನಿನಗೇನ ಬ್ಯಾರೆ ಕೆಲಸ ಅದ?"

ಎಲ್ಲರೂ ನಕ್ಕರು. ಅಕ್ಕೋರು ಬೆಂದ ಬೇಳೆಗೆ ಉಪ್ಪು ಹಾಕಿಸಿ ಹಂಚಿದರು. ಸಂಗಮ್ಮ ಅತ್ತ ಇತ್ತ ನೋಡಿ ಅಂಗೈ ಒಡ್ಡಿದಳು. ಶಾಂತಾಬಾಯಿಯ ಸೌಟಿನಿಂದ ಬಿದ್ದ ಬೇಳೆಯನ್ನು ನೆಕ್ಕಿ "ಉಪ್ಪ ಕಮ್ಮಿ ಆಗ್ಯಾದ" ಎಂದಳು. ಹೊರಟಾಗ ಜೀಪಿನಲ್ಲಿ ಅಕ್ಕೋರು ನಿದ್ದೆ ಮಾಡಲಿಲ್ಲ. ನನ್ನ ಮೊಣಕೈ ಹಿಡಿದು "ನೋಡಿದೇನು? ಕೈ ಒಡ್ಡಿದ್ದು ನೋಡಿದೇನು?" ಎಂದು ಮತ್ತೆ ಮತ್ತೆ ಕೇಳಿದರು. ಆಮೇಲೆ ಕೇಳಿಬಂದ ಸುದ್ದಿ, ಮೇಲಿನ ಓಣಿಯ ಹೆಂಗಸರು ಈಗ ವಿಹಾರದ ಕಟ್ಟೆಯ ಮೇಲೆ ಕೂರುತ್ತಾರಂತೆ, ಬಿಂದಿಗೆ ತುಂಬಿದ ಮೇಲೂ ಎದ್ದು ಹೋಗುವುದಿಲ್ಲವಂತೆ.

ಸೀಸೆಗಳ ಫಲಿತಾಂಶ ಬಂದದ್ದು ಇದಾದ ನಂತರ. ಸೇಡಂ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಕೋಣೆಯಿತ್ತು. ಅಲ್ಲಿ ಓದಿದರು. ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಬೋರಿಂಗಿನ ನೀರಿನಲ್ಲಿ ಫ್ಲೋರೈಡ್ ಇರಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡಿಸುವ, ವರ್ಷಗಟ್ಟಲೆ ಕುಡಿದವರ ಮೊಣಕಾಲು, ಬೆನ್ನು ಬಿಗಿಯುವಂತೆ ಮಾಡುವ ಫ್ಲೋರೈಡ್. ಸೋತ ಬಾವಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

"ನಾ ಈ ನೀರಿಗಿ ಕಿರೀಟ ಹಾಕಿ ಬಂದೀನಲ್ಲ ತಂಗಿ" ಎಂದರು.

ಅವರನ್ನು ಹಿಂಡಿದ್ದು ಇನ್ನೊಂದು. ಇದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಸುಣ್ಣ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಸುಣ್ಣದ ಜೊತೆ ಕಟ್ಟಿಕೊಂಡು ಕೆಳಗೆ ಕೂರುತ್ತದೆ. ಸುಣ್ಣವಿಲ್ಲದ ಮೆದು ನೀರಿನಲ್ಲಿ ಅದನ್ನು ಹಿಡಿಯುವವರಿಲ್ಲ. ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟ ಪಾಠವೇ. ಬೇಳೆ ಬೇಗ ಬೇಯುವ ನೀರೇ ಮೊದಲು ಅನುಮಾನಿಸಬೇಕಾದ ನೀರು. ಅದನ್ನು ಗೆಲ್ಲಿಸಿ, ಉಪ್ಪು ಹಾಕಿ, ಎಲ್ಲರ ಅಂಗೈಗೆ ಬಡಿಸಿ ಬಂದಿದ್ದರು. ನಮ್ಮ ನೆಲದವರೇ ಮಾಡಬಹುದಾದ ತಪ್ಪು. ಬೇಳೆಯನ್ನು ಇಷ್ಟು ನಂಬುವವರು ಬೇರೆ ಎಲ್ಲಿದ್ದಾರೆ?

ಮತ್ತೊಮ್ಮೆ ನೀರು ಒಯ್ದು ಪರೀಕ್ಷೆ ಮಾಡಿಸಿದರು. ಒಮ್ಮೆ ಎಂದು ನನ್ನ ನೆನಪು. ಖಾಜಾ ಭಾಯ್ ಪ್ರಕಾರ ನಾವು ಅದಕ್ಕಾಗಿ ಮೇಲಿಂದ ಮೇಲೆ ಓಡಾಡಿದೆವು. ಫಲಿತಾಂಶ ಬದಲಾಗಲಿಲ್ಲ. ವರದಿಯಲ್ಲಿ ಸೇರಿಸಿ ಪಂಚಾಯ್ತಿಗೆ ಒಂದು ಪ್ರತಿ ಕೊಟ್ಟರೆ ಸಾಕು ಎಂದು ಅಧ್ಯಯನದ ಮೇಲಿನವರಿಂದ ಫೋನು ಬಂತು. ಅಕ್ಕೋರು ಹ್ಞೂಂ ಎಂದು ಫೋನಿಟ್ಟು ಖಾಜಾ ಭಾಯ್‌ಗೆ ಗಾಡಿ ತೆಗೆಯಲು ಹೇಳಿದರು. ಹೋದದ್ದು ಪಂಚಾಯ್ತಿಗಲ್ಲ, ಶಾಂತಾಬಾಯಿಯ ಅಂಗಳಕ್ಕೆ.

ಎಂದಿನಂತೆ ಮೊದಲು ನೀರು ಕೇಳಿದರು. ಅದೇ ನೀರು. ಚರಿಗೆ ಎತ್ತಿ ಕುಡಿದರು. ಆಮೇಲೆ ಹೇಳಿದರು.

ಶಾಂತಾಬಾಯಿ ಮೊರದಲ್ಲಿದ್ದ ಜೋಳದಿಂದ ಕಲ್ಲು ಆರಿಸುತ್ತಲೇ ಇದ್ದಳು.

"ಊರ ಮುಂದ ಓದಬ್ಯಾಡ್ರಿ ಅಕ್ಕೋರ" ಎಂದಳು ಕೊನೆಗೆ. "ಈಗೀಗ ಅವರು ನಮ್ಮ ಕಟ್ಟಿ ಮ್ಯಾಲ ಕುಂದರಾಕತ್ತಾರ. ಬೋರಿಂಗ್ ನೀರ ಖರಾಬ ಅದ ಅಂದ್ರ, ನೀರ ಖರಾಬ ಅನ್ನಂಗಿಲ್ಲ ಅವರು. ನಾವೇ ಖರಾಬ ಅಂತಾರ."

"ಖರೆ ಅದ."

"ಮತ್ತ ಯಾಕ ಹೇಳ್ತೀರಿ?"

ಅಕ್ಕೋರು ಬಾಗಿಲಲ್ಲಿ ನಿಂತಿದ್ದ ಅವಳ ಮೊಮ್ಮಗಳನ್ನು ಹತ್ತಿರ ಕರೆದು "ಆ ಅನ್ನು" ಎಂದರು. ಹುಡುಗಿ ಬಾಯಿ ತೆರೆಯಲಿಲ್ಲ, ಅಜ್ಜಿಯ ಬೆನ್ನಿಗೆ ಅಂಟಿಕೊಂಡಳು.

"ತೆರಿಯಂಗಿಲ್ಲ ಅದು" ಎಂದಳು ಶಾಂತಾಬಾಯಿ. "ಸಾಲಿಯಾಗ ಹಲ್ಲ ತಿಕ್ಕಂಗಿಲ್ಲ, ಹೊಲಸ ಇರ್ತದ ಅಂತ ಬೈತಾರ. ದಿನಾ ನನ್ನ ಮುಂದ ತಿಕ್ಕತದ್ರಿ. ರಕ್ತ ಬರೂತನ ತಿಕ್ಕತದ."

"ತಿಕ್ಕಿದ್ರ ಹೋಗಂಗಿಲ್ಲ ಶಾಂತಾಬಾಯಿ. ಅದು ಹೊಲಸಲ್ಲ. ನೀರಿನ ಗುರುತು."

ಶಾಂತಾಬಾಯಿಯ ಕೈ ಮೊರದ ಮೇಲೆ ನಿಂತಿತು. ಮೊಮ್ಮಗಳನ್ನು ಮುಂದೆ ಎಳೆದುಕೊಂಡು ಗಲ್ಲ ಹಿಡಿದು ನೋಡಿದಳು, ಎಂದೂ ನೋಡಿಲ್ಲದ ಹಾಗೆ. "ಇದರದೇನ ತಪ್ಪಿಲ್ಲಂತೀರಿ?" ಎಂದು ಕೇಳಿದಳು.

"ಏನೇನೂ ಇಲ್ಲ."

ಆ ಹುಡುಗಿಯ ಮುಖ ಆಗ ಹೇಗಾಯಿತು ಎಂದು ಬರೆಯಲು ಹೋಗಿ ಮೂರು ಸಲ ಅಳಿಸಿದ್ದೇನೆ. ನಾನು ಆಗ ಅವಳನ್ನು ನೋಡುತ್ತಿರಲಿಲ್ಲ, ಅಕ್ಕೋರನ್ನು ನೋಡುತ್ತಿದ್ದೆ. ಅವರು ತುಟಿ ಬಿಗಿಹಿಡಿದು ಕುಳಿತಿದ್ದರು.

ಶಾಂತಾಬಾಯಿ ಎದ್ದಳು. "ಆತು. ಹೇಳಾಮು. ಆದ್ರ ಮಂದಿನ ನಮ್ಮ ಕಟ್ಟಿಗಿ ಕರೀರಿ, ಪಂಚಾಯ್ತಿಗಿ ಬ್ಯಾಡ. ಮೊದ್ಲ ನಿಮ್ಮ ಬ್ಯಾಳಿ ಆಟ ತಪ್ಪಾಗ್ಯಾದ ಅಂತ ನೀವು ಹೇಳ್ರಿ. ಉಳದದ್ದ ನಾ ಹೇಳ್ತೀನಿ."

ತೊಗರಿ ರಾಶಿ ಮುಗಿದ ಕಾಲ. ಬಿಸಿಲಿದ್ದಾಗಲೇ ಸೇರಿದರು. ಸಂಗಮ್ಮ ತನ್ನ ಓಣಿಯವರೊಂದಿಗೆ ಬಂದು, ಈ ಸಲವೂ ಒಲೆ ಹೂಡುತ್ತಾರೆಂದು ತಿಳಿದು, "ಶರಣ್ರೀ ಅಕ್ಕೋರ. ಇವತ್ತ ಉಪ್ಪ ನಾ ತಂದೀನಿ" ಎಂದಳು. ಅಕ್ಕೋರಿಗೆ ನಗು ಬರಲಿಲ್ಲ.

"ಹೋದ ಸಲ ನಾ ಇಲ್ಲಿ ಒಂದು ಆಟ ಆಡಿಸಿದ್ದೆ" ಎಂದು ಆರಂಭಿಸಿದರು. "ಆಟ ಖರೆ ಇತ್ತು, ಆದ್ರ ಪೂರಾ ಖರೆ ಇರಲಿಲ್ಲ. ನನಗ ಗೊತ್ತಿರಬೇಕಿತ್ತು. ಗೊತ್ತಿದ್ದೂ ಮರತೀನಿ. ತಪ್ಪ ನಂದು." ಕೊಡೆಯಿಂದ ನೆಲದ ಮೇಲೆ ಮೇಲಿನ ಕಲ್ಲು, ಕೆಳಗಿನ ಕಲ್ಲು ಎಂದು ಗೆರೆ ಎಳೆದು ತೋರಿಸಿದರು. "ಸುಣ್ಣ ಇದ್ದಲ್ಲಿ ಈ ಫ್ಲೋರೈಡ್ ಸುಣ್ಣದ ಕೂಡ ಕುಂದರ್ತದ. ಸುಣ್ಣ ಇಲ್ಲದಲ್ಲಿ ನೀರಾಗ ಅಡ್ಡಾಡ್ತದ."

"ಕುದಿಸಿದ್ರ ಹೋಗಂಗಿಲ್ಲೇನ್ರಿ?" ಯಾರೋ ಕೇಳಿದರು.

"ಇಲ್ಲ ಯವ್ವಾ. ಕುದಿಸಿದ್ರ ನೀರ ಹೋಗ್ತದ, ಅದು ಉಳೀತದ. ಬ್ಯಾಳಿಗೂ ಇದು ಬ್ಯಾಡ. ಮೈ ತೊಳಿಲಿಕ್ಕ, ಅರಿವಿ ಒಗಿಲಿಕ್ಕ ಬಳಸ್ರಿ."

ಹಿಂದೆ ನಿಂತಿದ್ದ ಮೇಲಿನ ಓಣಿಯ ಒಬ್ಬ ಮುದುಕ ಕೆಮ್ಮಿದ. "ಅದಕ್ಕ ಹಿರೇರು ಹೇಳ್ಯಾರ, ಯಾರ ನೀರ ಯಾರು ಕುಡೀಬೇಕಂತ."

ಶಾಂತಾಬಾಯಿ ಹೆದರಿದ್ದ ಮಾತು ಇದೇ. ಕಟ್ಟೆಯ ಮೇಲೆ ಕುಳಿತಿದ್ದ ಮೇಲಿನ ಓಣಿಯ ಇಬ್ಬರು ಹೆಂಗಸರು ಮೆಲ್ಲಗೆ ಕೆಳಗಿಳಿದರು.

ಇಲ್ಲಿಂದ ಮುಂದಿನದು ಎರಡು ಥರ ಇದೆ. ನನ್ನದರಲ್ಲಿ ಅಕ್ಕೋರು ಆ ಮುದುಕನ ಹತ್ತಿರ ನಡೆದು ಹೋಗುತ್ತಾರೆ, ಸೆರಗು ಸರಿಸುತ್ತಾರೆ, ಬೆರಳಿನಿಂದ ಮೇಲ್ದುಟಿ ಎತ್ತುತ್ತಾರೆ. "ಇದು ಯಾವ ಓಣಿ ಹಲ್ಲು ಹೇಳ್ರಿ ಮುತ್ಯಾ" ಎನ್ನುತ್ತಾರೆ. ಬರೆದುಕೊಳ್ಳುತ್ತಿದ್ದ ನಾನು ತಲೆ ಎತ್ತಿದಾಗ ಅವರ ಮುಖ ಓರೆಯಾಗಿ ಬಿಸಿಲಿಗೆ ಇದೆ, ಗೆರೆ ಹೊಳೆಯುತ್ತದೆ.

ಖಾಜಾ ಭಾಯ್ ಹೇಳುವುದು ಬೇರೆ. ಅಕ್ಕೋರು ಕದಲಲಿಲ್ಲ. ಮುಂದೆ ಬಂದವಳು ಆ ಹುಡುಗಿ, ಶಾಂತಾಬಾಯಿಯ ಮೊಮ್ಮಗಳು. ಯಾರೂ ಕರೆಯದೆ ಬಂದು ಮುದುಕನ ಎದುರು ಬಾಯಿ ತೆರೆದು ನಿಂತಳು. ಇದು ಹೆಚ್ಚು ಚೆನ್ನಾಗಿದೆ, ಅದಕ್ಕೇ ಇದನ್ನು ನಂಬಲು ನನಗೆ ಕಷ್ಟ. ಖಾಜಾ ಭಾಯ್ ಜೀಪಿನ ಹತ್ತಿರ ನಿಂತಿದ್ದರು, ನಡುವೆ ಬೇವಿನ ಮರವಿತ್ತು. ನಾನು ಹತ್ತಿರವಿದ್ದೆ, ಆದರೆ ತಲೆ ತಗ್ಗಿಸಿದ್ದೆ.

ಆಮೇಲಿನದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ಶಾಂತಾಬಾಯಿ ಎದ್ದು ನಿಂತಳು.

"ಈ ನೀರು ನಮ್ದೂ ಅಲ್ಲ ನಿಮ್ದೂ ಅಲ್ಲ. ಎಷ್ಟ ಆಳ ಕೊರದಾರೋ ಅಷ್ಟ ಆಳದ್ದು. ಬ್ಯಾಳಿಗಂತ ನೀವು ನಮ್ಮಲ್ಲಿ ಬಂದ್ರಿ, ನಾವು ಬ್ಯಾಡ ಅಂದಿಲ್ಲ. ನಾಳಿ ಮುಂಜಾನಿಂದ ಕುಡಿಯೋ ನೀರಿಗಿ ನಾವು ನಿಮ್ಮ ಭಾವಿಗಿ ಬರ್ತೀವಿ. ಕೊಡ ಇಟ್ಟು ನಿಂದರಂಗಿಲ್ಲ. ನಾವೇ ಸೇದ್ತೀವಿ."

ಎಲ್ಲರೂ ಸಂಗಮ್ಮನನ್ನು ನೋಡಿದರು. ಸಂಗಮ್ಮ ಉಪ್ಪಿನ ಪೊಟ್ಟಣವನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

"ಹಗ್ಗ ನಿಮ್ದು ತರ್ರಿ" ಎಂದಳು. "ನಮ್ಮದು ಹಳೀದಾಗ್ಯಾದ. ಹರದ್ರ ನನ್ನ ಹೆಸರಿಗಿ ಬರ್ತದ."

ಅಷ್ಟೇ ಹೇಳಿ ಹೊರಟುಹೋದಳು. ಬಾವಿಗೆ ಬನ್ನಿ ಎಂದಳೇ? ನಮ್ಮ ಹಗ್ಗ ಮುಟ್ಟಬೇಡಿ ಎಂದಳೇ? ಅಥವಾ ತನ್ನ ಓಣಿಯ ಮುದುಕರ ಎದುರು ಅಷ್ಟಕ್ಕಿಂತ ಹೆಚ್ಚು ಹೇಳಲಾರದೆ ಆ ಹಳೆಯ ಹಗ್ಗವನ್ನು ನೆಪ ಮಾಡಿಕೊಂಡಳೇ? ಜೀಪಿನಲ್ಲಿ ಅಕ್ಕೋರನ್ನು ಕೇಳಿದೆ. "ನಿನಗ ತಿಳಿದಿದ್ದು ಬರೀಬ್ಯಾಡ ಅಂದೀನಲ್ಲ" ಎಂದು ಕಣ್ಣು ಮುಚ್ಚಿದರು.

ಮಾರನೆಯ ಬೆಳಿಗ್ಗೆ ಅಲ್ಲಿಗೆ ಹೋಗೋಣವೆಂದು ನಾನು ಹಟ ಹಿಡಿದೆ. ಅವರು ಬಿಡಲಿಲ್ಲ. "ನಾವು ಹೋಗಿ ನಿಂತ್ರ ಅದು ನಮ್ಮ ಮುಂದಿನ ನಾಟಕ ಆಗ್ತದ. ನಾವು ಹೊಂಟ ಮ್ಯಾಲ ಏನ್ ಮಾಡ್ತಾರೋ ಅದು ಅವರ್ದು." ನನಗೆ ಸಿಟ್ಟು ಬಂತು. ಅಧ್ಯಯನವೆಂದರೆ ನೋಡುವುದಲ್ಲವೇ, ನೋಡಬೇಕಾದ ಒಂದೇ ಒಂದು ಬೆಳಿಗ್ಗೆಯನ್ನು ನೋಡಬಾರದೆಂದರೆ ಹೇಗೆ? ಆ ದಿನ ಸೇಡಂನ ಕೋಣೆಯಲ್ಲಿ ಅವರು ಸೀಸೆಗಳನ್ನು ತೊಳೆಯುತ್ತ ಕುಳಿತಿದ್ದರು. ತೊಳೆದ ಸೀಸೆಯನ್ನೇ ಮತ್ತೆ ತೊಳೆಯುತ್ತಿದ್ದರು. ಮಧ್ಯಾಹ್ನ ಒಂದು ಸೀಸೆ ಕೈಜಾರಿ 'ಫಳ್' ಎಂದಾಗ ಇಬ್ಬರೂ ಬೆಚ್ಚಿದೆವು.

ತಿಂಗಳುಗಳು ಕಳೆದ ಮೇಲೆ ಬಾವಿಯ ನೀರನ್ನು ಮತ್ತೊಮ್ಮೆ ನೋಡಲು ಆ ಊರಿಗೆ ಹೋದೆವು. ಅಕ್ಕೋರ ಕಾಲು ಆಗಲೇ ಬಾತಿತ್ತು, ಜೀಪು ಹತ್ತಲು ನನ್ನ ಹೆಗಲು ಬೇಕಾಗಿತ್ತು. ಶಾಂತಾಬಾಯಿ ಊಟಕ್ಕೆ ಕೂರಿಸಿದಳು. ರೊಟ್ಟಿ, ಶೇಂಗಾ ಹಿಂಡಿ, ಬೇಳೆ. ಯಾರು ಏನು ಹೇಳಿದರು, ಬಾವಿಗೆ ಯಾರು ಬರುತ್ತಾರೆ, ನಾವು ಏನನ್ನೂ ಕೇಳಲಿಲ್ಲ. ಅಕ್ಕೋರು ಬೇಳೆಯಲ್ಲಿ ರೊಟ್ಟಿ ಅದ್ದಿ ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು. ನಾನೂ ತಿಂದೆ. ಕಾಳು ಹಲ್ಲಿಗೆ ಸಿಕ್ಕಿತು.

"ಬ್ಯಾಳಿ ಬೆಂದಿಲ್ಲ" ಎಂದರು ಅಕ್ಕೋರು.

"ಹೆಂಗ ಬೇಯ್ತದ್ರಿ? ಮುಂಜಾನಿಂದ ಒಲಿ ಮ್ಯಾಲ ಅದ" ಎಂದಳು ಶಾಂತಾಬಾಯಿ. "ಸೋಡಾ ಹಾಕಿದ್ರೂ ಹಿಂಗೇ. ಗ್ಯಾಸ ಖಾಲಿ ಆಗ್ತದ, ಬ್ಯಾಳಿ ಹಂಗೇ ಇರ್ತದ. ಮನಿಯವ್ರು ನನ್ನ ಬೈತಾರ, ನಾ ನಿಮ್ಮನ್ನ ಬೈತೀನಿ."

ಅಕ್ಕೋರು ನಕ್ಕರು. ಸೆರಗು ಹಿಡಿದರೋ ಇಲ್ಲವೋ, ನೋಡಬೇಕಿತ್ತು, ನಾನು ತಟ್ಟೆ ನೋಡುತ್ತಿದ್ದೆ. "ಇನ್ನಾ ಜರಾ ಹಾಕು" ಎಂದು ತಟ್ಟೆ ಮುಂದೆ ಒಡ್ಡಿದರು. ಹಾಕಿಸಿಕೊಂಡು, ಒಂದೊಂದು ಕಾಳನ್ನೂ ಅಗಿದು ತಿಂದರು. ಅವರು ಅಷ್ಟು ಸುಖವಾಗಿ ಊಟ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬರುವಾಗ ಶೇಂಗಾ ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದರು, ಆ ಹುಡುಗಿ ತಿನ್ನಲೆಂದು. ಮರೆತು ಬಂದರು ಎಂದು ಖಾಜಾ ಭಾಯ್.

ಅವರು ತೀರಿಕೊಂಡದ್ದು ಅದರ ಮುಂದಿನ ಬೇಸಿಗೆಯಲ್ಲಿ, ಶಹಾಬಾದದ ಮನೆಯಲ್ಲಿ. ಶಾಂತಾಬಾಯಿ ಮತ್ತು ಸಂಗಮ್ಮ ಒಂದೇ ಟಂಟಂ ಆಟೋದಲ್ಲಿ ಬಂದಿಳಿದರು ಎಂದು ಬರೆಯಲು ಕೈ ತುಡಿಯುತ್ತದೆ. ಹಾಗಾಗಲಿಲ್ಲ. ಶಾಂತಾಬಾಯಿ ಒಬ್ಬಳೇ ಬಂದಳು, ಎರಡು ಬಸ್ಸು ಬದಲಿಸಿ. ಅವಳ ಕಂಕುಳಲ್ಲಿ ಆ ಸ್ಟೀಲಿನ ಡಬ್ಬಿಯಿತ್ತು. ಯಾರಿಗೆ ಕೊಡಬೇಕೆಂದು ತಿಳಿಯದೆ ಅಂಗಳದ ಫರಸಿಯ ಮೇಲೆ ನಿಂತಿದ್ದಳು. ನನ್ನನ್ನು ಕಂಡು ನನ್ನ ಕೈಗಿಟ್ಟಳು. ಭಾರವಿತ್ತು. ಮುಚ್ಚಳ ತೆಗೆದೆ. ತೊಗರಿ ಬೇಳೆ, ಬಾಯಿವರೆಗೂ.

"ಬರಿದ ಹೆಂಗ ಕೊಡಾದು" ಎಂದಳು.

ಗೋಡೆಗೆ ಒರಗಿ ಇಬ್ಬರೂ ಕುಳಿತೆವು. ಅಲ್ಲಿ ಕೇಳಬಾರದಿತ್ತು, ಆದರೂ ಕೇಳಿದೆ. ಆ ಬೆಳಿಗ್ಗೆ, ಮೊದಲ ಸಲ ಮೇಲಿನ ಬಾವಿಗೆ ಹೋದಾಗ, ಏನಾಯಿತು?

"ಏನಾಗ್ತದ ಯವ್ವಾ? ನೀರ ಸೇದೀವಿ."

"ಹಗ್ಗ ಯಾರದಿತ್ತು?"

ಅವಳು ನನ್ನನ್ನು ನೋಡಿದಳು, ನಾನು ಎಷ್ಟು ಸಣ್ಣವಳು ಎಂದು ಆಗ ತಾನೇ ಕಂಡವಳಂತೆ. ಸೆರಗಿನಿಂದ ಮುಖ ಒರೆಸಿಕೊಂಡು, "ಅಕ್ಕೋರು ಕೇಳಿದ್ದಿಲ್ಲ" ಎಂದಳು.

ಒಳಗೆ ಹೋಗಿ ಅವರ ಹತ್ತಿರ ನಿಂತೆ. ಬಾಯಿ ತೆರೆದುಕೊಳ್ಳದಿರಲೆಂದು ಗಲ್ಲದಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದಿದ್ದರು. ಅವರ ತಮ್ಮ ಪಕ್ಕದಲ್ಲೇ ಕುಳಿತಿದ್ದರು. ಅಕ್ಕೋರು ಚಿಕ್ಕವರಿದ್ದಾಗ ಯಾವ ಊರಿನಲ್ಲಿದ್ದರು, ಯಾವ ನೀರು ಕುಡಿದು ಬೆಳೆದರು ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಡಬ್ಬಿ ನನ್ನ ಅಡುಗೆಮನೆಯಲ್ಲಿದೆ. ಯಾರಿಗೆ ತುಂಬಿಸಿ ಕೊಡಬೇಕೋ ತಿಳಿಯದು. ಅವರ ಹಲ್ಲಿನ ಮೇಲೆ ಗೆರೆ ಇತ್ತೋ ಇಲ್ಲವೋ, ಆ ಬೆಳಿಗ್ಗೆ ಬಾವಿಗೆ ಇಳಿದ ಹಗ್ಗ ಯಾರದೋ, ನನಗೆ ಗೊತ್ತಿಲ್ಲ.